ಮೇಲಿನ ತುಂಡು, ಕೆಳಗಿನ ತುಂಡು

ಫೆಬ್ರವರಿ 6, ಗುರುವಾರ, ಸಂಜೆ

ಸಾರಿ. ಯಾರಿಗೆ ಹೇಳುತ್ತಿದ್ದೇನೋ ಗೊತ್ತಿಲ್ಲ, ಆದರೂ ಸಾರಿ. ಬರೆಯುವಂಥದ್ದು ನನ್ನ ಬದುಕಿನಲ್ಲಿ ಏನೂ ನಡೆಯುವುದಿಲ್ಲ, ಬರೆಯಲೂ ಸರಿಯಾಗಿ ಬರುವುದಿಲ್ಲ. ಐದನೇ ಕ್ಲಾಸಿನಿಂದ ಹಾಸ್ಟೆಲ್. ಅಲ್ಲಿ ಕನ್ನಡ ಮಾತಾಡಿದರೆ ಬೈಗುಳ, ಮನೆಯಲ್ಲಿ ಇಂಗ್ಲಿಷ್ ಮಾತಾಡಿದರೆ ನಗು. ಹೀಗಾಗಿ ಎರಡೂ ಅರ್ಧಂಬರ್ಧ.

ಸಾಯಿಲ್ ಲ್ಯಾಬಿನ ಡೆಮಾನ್‌ಸ್ಟ್ರೇಟರ್ ಮೇಡಂ ಹೇಳಿದ್ದು: "ನೋಡಿದ್ದನ್ನ ಅವತ್ತೇ ಬರೀರಿ. ನೆನಪು ನಂಬಬೇಡಿ." ಅವರು ಹೇಳಿದ್ದು ಮಣ್ಣಿನ ಬಗ್ಗೆ. ನಾನು ಎಲ್ಲಕ್ಕೂ ಅಂದುಕೊಂಡೆ. ಅದಕ್ಕೇ ಇದು.

ಇವತ್ತಿನ ಪ್ರಾಕ್ಟಿಕಲ್ — ಮಣ್ಣನ್ನು ಮುಟ್ಟಿ ಗುರುತಿಸುವುದು. ಒದ್ದೆ ಮಾಡಿ, ನಾದಿ, ಹೆಬ್ಬೆರಳಿನಿಂದ ತೋರುಬೆರಳ ಮೇಲೆ ಒತ್ತುತ್ತ ಪಟ್ಟಿ ತೆಗೆಯಬೇಕು. ಉದ್ದ ಬಂದರೆ ಜೇಡಿ ಹೆಚ್ಚು, ಬೇಗ ಮುರಿದರೆ ಮರಳು ಹೆಚ್ಚು. ನನ್ನದು ಪಟ್ಟಿ ಆಗುವ ಮೊದಲೇ ಮುರಿಯಿತು. ಮೇಡಂ ನನ್ನ ಕೈ ನೋಡಿ, "ಇನ್ನೂ ಸ್ವಲ್ಪ ನೀರು ಹಾಕಮ್ಮ, ಬರೀ ಬೆವರಲ್ಲಿ ನಾದಿದ್ರೆ ಬರಲ್ಲ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ಲೇಟಾಗಿ.

ರೂಮ್‌ಮೇಟ್ ಮಲಗಿದ್ದಾಳೆ. ಹಗಲೆಲ್ಲ ನಿದ್ದೆ. ಎಲ್ಲರೂ ಗೂಬೆ ಅಂತಲೇ ಕರೆಯುವುದು, ಅವಳೂ ಓಗೊಡುತ್ತಾಳೆ.

ಫೆಬ್ರವರಿ 9, ಭಾನುವಾರ

ಅತ್ತೆಯ ಫೋನ್. ಅಪ್ಪನ ಅಕ್ಕ. ಒಂಟಿ ಜೀವ, ಪೇಟೆಯಲ್ಲಿ ಹೊಲಿಗೆ ಅಂಗಡಿ. ಮೆಷಿನ್ ತುಳಿಯುತ್ತಲೇ ಮಾತಾಡುವುದು ಅಭ್ಯಾಸ. ಮೆಷಿನ್ ನಿಂತರೆ ವಿಷಯ ಸೀರಿಯಸ್ ಅಂತ ಅರ್ಥ. ಇವತ್ತು ನಿಂತಿತು.

ತಾತನ ಜಮೀನು ಭಾಗವಾಗುತ್ತಿದೆ. ಇಷ್ಟು ವರ್ಷ ಬೇರೆ ಯಾರೋ ಉಳುತ್ತಿದ್ದರು, ಈಗ ಬಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಒಂದು ರೂಲ್ ಇದೆ — ಕೊಯ್ದವರು ಆರಿಸುವಂತಿಲ್ಲ. ಅಕ್ಕ-ತಮ್ಮ ಕಲ್ಲಂಗಡಿಗೆ ಜಗಳ ಆಡುತ್ತಿದ್ದಾಗ ತಾತ ಮಾಡಿದ್ದಂತೆ. ತಮ್ಮ ಕೊಯ್ಯಬೇಕು, ಅಕ್ಕ ತನಗೆ ಬೇಕಾದ ಹೋಳು ಎತ್ತಿಕೊಳ್ಳಬೇಕು. ಜಮೀನಿಗೂ ಅದೇ. ಅಪ್ಪ ಗೆರೆ ಎಳೆದಾಗಿದೆ. ಮೇಲಿನ ತುಂಡು ಚಿಕ್ಕದು, ಕೆಂಪು ಮಣ್ಣು, ರಸ್ತೆ ಪಕ್ಕ. ಕೆಳಗಿನದು ದೊಡ್ಡದು, ಕಪ್ಪು ಮಣ್ಣು, ಹಳ್ಳದ ಪಕ್ಕ. ಅತ್ತೆ ಆರಿಸಬೇಕು. ಮಾರ್ಚ್ ಮೂರಕ್ಕೆ ರಿಜಿಸ್ಟ್ರೇಷನ್.

"ನಿಮ್ಮಪ್ಪ ಕಲ್ಲಂಗಡಿ ಕೊಯ್ದಾಗಲೂ ಹೀಗೇ" ಅಂದರು ಅತ್ತೆ. "ದೊಡ್ಡ ಹೋಳು ನನ್ನ ಕಡೆ ತಿರುಗಿಸಿ ಇಡ್ತಿದ್ದ. ಸಿಹಿಯೆಲ್ಲ ಚಿಕ್ಕದರಲ್ಲಿ ಇರ್ತಿತ್ತು. ಅದಕ್ಕೇ ಈ ಸಲ ನಿನ್ನ ಕೇಳ್ತಿದೀನಿ. ಮಣ್ಣು ಓದ್ತಿದೀಯಲ್ಲ, ಬಂದು ನೋಡಿ ಹೇಳು."

"ಅತ್ತೆ, ನಾನು ಇನ್ನೂ ಫಸ್ಟ್ ಇಯರ್."

"ನಾನು ಸೊನ್ನೆ ಇಯರ್. ಒಂದು ಜಾಸ್ತಿ ತಾನೇ?"

ಅತ್ತೆಗೆ ನಿಂಬೆ ತೋಟ ಮಾಡಬೇಕು. ಸೂಜಿಗೆ ದಾರ ಪೋಣಿಸಲು ಈಗ ಪಕ್ಕದ ಅಂಗಡಿಯವಳನ್ನು ಕರೆಯುತ್ತಾರಂತೆ. "ಡಾಕ್ಟ್ರು ಡ್ರಾಪ್ಸ್ ಹಾಕ್ಕೋ ಅಂತಾರೆ, ಹೊಲಿಗೆ ಬಿಡು ಅಂತಾರೆ. ಬಿಟ್ಟು ಏನು ಮಾಡ್ಲಿ? ನಿಂಬೆ ಆದ್ರೆ ಕಣ್ಣು ಮಂಜಾದ್ರೂ ಕೈಗೆ ಸಿಗುತ್ತೆ. ಮುಳ್ಳು ಚುಚ್ಚಿದ್ರೆ ಗಿಡ ಅಲ್ಲೇ ಇದೆ ಅಂತ ಗೊತ್ತಾಗುತ್ತೆ."

ನರ್ಸರಿಯಲ್ಲಿ ಸಸಿಗೂ ಹೇಳಿ ಆಗಿದೆಯಂತೆ. ಅಪ್ಪನಿಗೆ ಫೋನ್ ಮಾಡಿ ಕೇಳಿದೆ. "ನೋಡಿ ಹೇಳು, ಅದರಲ್ಲೇನು" ಅಂದರು. ಆದರೆ ಅದರಲ್ಲಿ ಏನೋ ಇದೆ. ನಾನು ಅಪ್ಪನ ಮಗಳು.

ಫೆಬ್ರವರಿ 15, ಶನಿವಾರ, ಮನೆ

ಕಾಲು ಉರಿಯುತ್ತಿದೆ. ಕೈಯಲ್ಲಿ ಬೊಬ್ಬೆ.

ಲ್ಯಾಬಿನಿಂದ ಆಗರ್ ಕೇಳಿ ತಂದಿದ್ದೆ — ತುದಿಯಲ್ಲಿ ತಿರುಪು ಇರುವ ಉದ್ದ ಸಲಾಕೆ, ಮೇಲೆ ಅಡ್ಡ ಹಿಡಿ. ತಿರುಗಿಸಿದಂತೆ ಇಳಿಯುತ್ತದೆ, ಎತ್ತಿದರೆ ಆ ಆಳದ ಮಣ್ಣು ಬರುತ್ತದೆ. ಬಸ್ಸಿನಲ್ಲಿ ಕಂಡಕ್ಟರ್ ಇದಕ್ಕೂ ಟಿಕೆಟ್ ತಗೋ ಅಂದ. ಬಾವಿ ತೋಡುವವರ ಕಡೆಯವಳಾ ಅಂತ ಕೇಳಿದ. ಹೂಂ ಅಂದೆ. ವಿವರಿಸುವುದಕ್ಕಿಂತ ಅದೇ ಸುಲಭ.

ಹೊಲದಲ್ಲಿ ನೋಡಿದರೆ ಅಳತೆ ಟೇಪ್ ಹಾಸ್ಟೆಲಿನಲ್ಲೇ ಬಿಟ್ಟು ಬಂದಿದ್ದೇನೆ. ಅತ್ತೆ ಏನೂ ಹೇಳದೆ ಕೊರಳಲ್ಲಿದ್ದ ತಮ್ಮ ಟೇಪ್ ತೆಗೆದು ಕೊಟ್ಟರು. "ಭೂಮಿತಾಯಿಗೆ ಸೊಂಟ ಎಷ್ಟು ಅಂತ ಬರ್ಕೋ."

ಅಪ್ಪ ರಸ್ತೆಯ ಮೋರಿ ಕಟ್ಟೆಯ ಮೇಲೆ ಕೂತಿದ್ದರು. ನೀರು ಸರಬರಾಜಿನ ಪಂಪ್‌ಹೌಸ್‌ನಲ್ಲಿ ಆಪರೇಟರ್ ಅವರು, ಮುಂದಿನ ವರ್ಷ ರಿಟೈರ್. ಆಮೇಲೆ ರಸ್ತೆ ಪಕ್ಕ ಶೆಡ್ ಹಾಕಿ ಪಂಪ್ ರಿಪೇರಿ ಮಾಡಬೇಕು ಅಂತ ಆಸೆ. ಶೆಡ್‌ನ ಚಿತ್ರ ಅಡಿಗೆಮನೆ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾರೆ, ಕಿಟಕಿ ಸಮೇತ. ಅಂದರೆ ಅಪ್ಪನಿಗೆ ಬೇಕಿರುವುದು ಮೇಲಿನ ತುಂಡು. ಕೆಳಗಿನದನ್ನು ದೊಡ್ಡದಾಗಿ ಬಿಟ್ಟಿದ್ದು ಅಕ್ಕನಿಗೆ ಆಸೆ ಹುಟ್ಟಲಿ ಅಂತ. ಇದು ಅತ್ತೆಗೂ ಗೊತ್ತು. ಅತ್ತೆಗೆ ಗೊತ್ತಿರುವುದು ಅಪ್ಪನಿಗೂ ಗೊತ್ತು. ಇಬ್ಬರೂ ಒಂದೇ ಫ್ಲಾಸ್ಕಿನಿಂದ ಟೀ ಕುಡಿದರು.

ಮೇಲಿನ ತುಂಡು: ಮೊದಲ ಗುಂಡಿಯಲ್ಲಿ ಆಗರ್ ಸಲೀಸಾಗಿ ಇಳಿಯಿತು. ಮೊಣಕಾಲು ಮಟ್ಟಕ್ಕೆ ಬಂದು — ಟಕ್. ನಿಂತಿತು. ಭಾರ ಹಾಕಿದೆ, ನೇತಾಡಿದೆ. ಇಲ್ಲ. ಬೇರೆ ಕಡೆ ಹಾಕಿದೆ. ಅಲ್ಲೂ ಟಕ್. ಎಲ್ಲ ಮೂಲೆಗಳಲ್ಲೂ ಅದೇ ಆಳ, ಅದೇ ಸದ್ದು. ಗುದ್ದಲಿಯಲ್ಲಿ ಒಂದು ಕಡೆ ಅಗೆದು ಹೆಂಟೆ ತೆಗೆದೆ. ಇಟ್ಟಿಗೆಯಂತಿದೆ. ಕಾಲೇಜಿನ ಫೀಲ್ಡ್ ರೆಕಾರ್ಡಿಗೆ ತೋರಿಸಲು ಎರಡು ಹೆಂಟೆ ಚೀಲಕ್ಕೆ ಹಾಕಿಕೊಂಡೆ.

ಕೆಳಗಿನ ತುಂಡು: ಆಗರ್ ಹಿಡಿಯವರೆಗೂ ಹೋಯಿತು. ಕಪ್ಪು, ನುಣುಪು, ಪಟ್ಟಿ ಎಳೆದಷ್ಟೂ ಬಂತು. ಜೀವನದಲ್ಲಿ ಮೊದಲ ಸಲ ನನ್ನ ಪಟ್ಟಿ ಮುರಿಯಲಿಲ್ಲ. ಮೇಲ್ಮೈಯಲ್ಲಿ ಅಲ್ಲಲ್ಲಿ ಬಿಳಿ ಪುಡಿ. ಹಳೆಯ ಗೊಬ್ಬರ ಇರಬೇಕು. ಇದರದ್ದೂ ಒಂದು ಪೊಟ್ಟಣ ಕಟ್ಟಿಕೊಂಡೆ.

ಫೆಬ್ರವರಿ 16, ಭಾನುವಾರ, ಬೆಳಿಗ್ಗೆ

ಹೇಳಿದೆ. ಟಿಫಿನ್ ತಿನ್ನುತ್ತಾ, ಎಲ್ಲರ ಮುಂದೆ. ಮೇಲಿನದರಲ್ಲಿ ಹಾರ್ಡ್‌ಪ್ಯಾನ್ ಇದೆ, ಅಂದರೆ ಕಲ್ಲಿನಂತೆ ಗಟ್ಟಿಯಾದ ಪದರ, ಬೇರು ದಾಟುವುದಿಲ್ಲ, ಮರಕ್ಕೆ ಯೋಗ್ಯವಲ್ಲ. ಕೆಳಗಿನದು ಆಳವಾಗಿದೆ, ನಿಂಬೆಗೆ ಆಗುತ್ತದೆ. ಪುಸ್ತಕದಲ್ಲಿ ನಾಲ್ಕು ದರ್ಜೆ — ಚೆನ್ನಾಗಿ ಯೋಗ್ಯ, ಸುಮಾರು ಯೋಗ್ಯ, ಅಷ್ಟಕ್ಕಷ್ಟೇ, ಯೋಗ್ಯವಲ್ಲ. ಮೇಲಿನದಕ್ಕೆ ಕೊನೆಯದು ಕೊಟ್ಟೆ, ಕೆಳಗಿನದಕ್ಕೆ ಎರಡನೆಯದು. ದರ್ಜೆ ಹೇಳುವಾಗ ನನ್ನ ದನಿ ಬದಲಾಯಿತು ಅನ್ನಿಸಿತು. ಮೇಡಂ ಥರ.

ಅತ್ತೆ ಕೈ ತೊಳೆದು ಬಂದು, "ಹಾಗಾದ್ರೆ ಕೆಳಗಿನದು ನನಗೆ" ಅಂದರು. ಅಷ್ಟೇ. ಇಷ್ಟು ದಿನದ ಗೊಂದಲ ನನ್ನ ಒಂದು ಮಾತಿಗೆ ಮುಗಿಯಿತು.

ಅಪ್ಪ ನನ್ನ ತಟ್ಟೆಗೆ ಇನ್ನೊಂದಿಷ್ಟು ಬಡಿಸಿದರು. ಅಮ್ಮ ಒಳಗಿನಿಂದ, "ಮಗಳು ಓದಿದ್ದು ಸಾರ್ಥಕ ಆಯ್ತಲ್ಲ" ಅಂದರು. ಯಾವ ಅರ್ಥದಲ್ಲಿ ಅಂದರೋ ಕೇಳಲಿಲ್ಲ.

ಅಪ್ಪನಿಗೆ ಅನುಕೂಲ ಆಗಲಿ ಅಂತ ಹೇಳಲಿಲ್ಲ. ನೋಡಿದ್ದನ್ನೇ ಹೇಳಿದೆ. ಇದನ್ನು ಇಲ್ಲಿ ಬರೆದಿಡುತ್ತಿರುವುದೇಕೆ? ಬರೆದಿಡೋಣ ಅನ್ನಿಸಿತು.

ಫೆಬ್ರವರಿ 27, ಗುರುವಾರ, ಸಂಜೆ

ಬರೆದು ಎಷ್ಟೋ ದಿನ ಆಯಿತು. ಇಂಟರ್ನಲ್ಸ್ ಇತ್ತು.

ಇವತ್ತು ಫೀಲ್ಡ್ ರೆಕಾರ್ಡ್ ತೋರಿಸುವ ದಿನ. ಖುಷಿಯಿಂದ ಹೋದೆ. ಹೆಂಟೆಯನ್ನು ಮೇಜಿನ ಮೇಲಿಟ್ಟು "ಹಾರ್ಡ್‌ಪ್ಯಾನ್, ಮೇಡಂ" ಅಂದೆ. ಮೇಡಂ ಅದನ್ನು ಎತ್ತಿ ಮೇಜಿಗೆ ಕುಟ್ಟಿ ನೋಡಿದರು.

"ಯಾವ ತಿಂಗಳಲ್ಲಿ ಕೊರೆದಿದ್ದು?"

"ಈ ತಿಂಗಳು, ಮೇಡಂ."

"ಮಳೆ ನಿಂತು ಎಷ್ಟು ಕಾಲ ಆಯ್ತು?"

ಬೆರಳು ಮಡಚಿ ತಿಂಗಳು ಎಣಿಸತೊಡಗಿದೆ.

"ಗುಂಡಿಗೆ ನೀರು ತುಂಬಿಸಿ ಒಂದು ರಾತ್ರಿ ಬಿಟ್ಟು ಮತ್ತೆ ಕೊರೆದ್ಯಾ?"

"ಇಲ್ಲ ಮೇಡಂ."

"ಮತ್ತೆ ಹಾರ್ಡ್‌ಪ್ಯಾನ್ ಅಂತ ನಿನಗೆ ಯಾರು ಹೇಳಿದ್ದು?"

ಒಂದು ಬೀಕರಿಗೆ ನೀರು ಹಾಕಿ ಹೆಂಟೆಯನ್ನು ಮೆಲ್ಲಗೆ ಒಳಗಿಟ್ಟರು. ನಿಜವಾಗಿ ಬೆಸೆದುಕೊಂಡ ಪದರವಾದರೆ ನೀರಿನಲ್ಲಿ ಹಾಗೇ ಕೂತಿರುತ್ತದೆ. ಬರೀ ಒಣಗಿ ಗಟ್ಟಿಯಾಗಿದ್ದರೆ ಬಿಟ್ಟುಕೊಳ್ಳುತ್ತದೆ. ಮೇಡಂ ಬೇರೆಯವರ ರೆಕಾರ್ಡ್ ನೋಡಲು ಹೋದರು. ನಾನು ಬೀಕರ್ ಮುಂದೆ ನಿಂತೆ. ಮೊದಲು ಗುಳ್ಳೆ. ಆಮೇಲೆ ಒಂದು ಮೂಲೆ ಉದುರಿತು. ನಂತರ ನಡುವೆ ಬಿರುಕು. ನೋಡುತ್ತಿದ್ದಂತೆ ಇಡೀ ಇಟ್ಟಿಗೆ ಕುಸಿದು ತಳದಲ್ಲಿ ಕೆಂಪು ರಾಶಿಯಾಯಿತು.

"ನೋಡು" ಅಂದರು ಮೇಡಂ ವಾಪಸ್ ಬಂದು. "ಒಣ ನೆಲದ ಮಣ್ಣು ಬೇಸಿಗೆಯಲ್ಲಿ ಮುಖ ಗಂಟು ಹಾಕ್ಕೊಂಡಿರುತ್ತೆ. ಅದೇ ಅದರ ಸ್ವಭಾವ ಅಂದ್ಕೋಬಾರದು. ಆದ್ರೆ ಇದೊಂದರಿಂದ ತೀರ್ಮಾನ ಮಾಡ್ಬೇಡ. ಕೆಳಗೆ ಬೇರೆ ಏನಾದ್ರೂ ಇರಬಹುದು. ಹೋಗಿ ನೀರು ಹಾಕಿ ಕೊರೆದು ನೋಡು. ರೆಕಾರ್ಡ್ ತಾನೇ, ತಿದ್ದಿದ್ರಾಯ್ತು."

ರೆಕಾರ್ಡ್ ಮಾತ್ರ ಅಲ್ಲ ಮೇಡಂ, ಅನ್ನಬೇಕೆನ್ನಿಸಿತು. ಬೀಕರ್ ತೊಳೆದಿಟ್ಟು ಬಂದೆ.

ಫೆಬ್ರವರಿ 28, ಶುಕ್ರವಾರ

ಕೆಳಗಿನ ತುಂಡಿನ ಪೊಟ್ಟಣವನ್ನೂ ಕೊಟ್ಟೆ. ಇದನ್ನು ಮೊದಲೇ ಮಾಡಬೇಕಿತ್ತು. ಮಣ್ಣನ್ನು ನೀರಿನಲ್ಲಿ ಕಲಸಿ, ಉಪ್ಪು ಅಳೆಯುವ ಮೀಟರಿನ ಕಡ್ಡಿ ಅದ್ದಿದೆವು. ಮೇಡಂ ರೀಡಿಂಗ್ ನೋಡಿದರು. ಕಡ್ಡಿ ತೊಳೆದು ಮತ್ತೆ ಅದ್ದಿದರು. ಅದೇ ಬಂತು.

ಬಿಳಿ ಪುಡಿ ಗೊಬ್ಬರ ಅಲ್ಲ. ಉಪ್ಪು. ತಗ್ಗು ಜಾಗ, ನೀರು ಇಂಗುವುದಿಲ್ಲ, ಬಿಸಿಲಿಗೆ ಆವಿಯಾಗಿ ಉಪ್ಪು ಮೇಲೆ ಉಳಿಯುತ್ತದೆ. ಮೇವಿನ ಹುಲ್ಲು ಹಾಕಬಹುದು. "ನಿಂಬೆ?" ಅಂದೆ. ಮೇಡಂ, "ನಿಂಬೆ ಇದಕ್ಕೆಲ್ಲ ಬಲು ನಾಜೂಕು. ಎಲೆ ಅಂಚು ಸುಟ್ಟಂಗಾಗುತ್ತೆ, ಎರಡು ವರ್ಷ ಎಳೆದಾಡಿ ಹೋಗುತ್ತೆ" ಅಂದರು.

ಎರಡು ವರ್ಷ ಅತ್ತೆ ಕೊಡದಲ್ಲಿ ನೀರು ಹಾಕುತ್ತಾರೆ. ಎಲೆ ಸುಟ್ಟಿದ್ದು ಅವರ ಕಣ್ಣಿಗೆ ಕಾಣುವುದೂ ಇಲ್ಲ.

ಗೂಬೆಗೆ ಎಲ್ಲ ಹೇಳಿದೆ. ಎದ್ದು ಕೂತು ಕೇಳಿದಳು, ಅದೇ ದೊಡ್ಡದು.

"ಈಗಲೇ ಫೋನ್ ಮಾಡು."

"ಮೇಲಿನದು ಇನ್ನೂ ಗ್ಯಾರಂಟಿ ಇಲ್ಲ ಕಣೇ. ಒಂದು ಸಲ ತಪ್ಪು ಹೇಳಿದೀನಿ. ಮತ್ತೆ ತಪ್ಪಾದ್ರೆ?"

"ಹಾಗಾದ್ರೆ ನಾಳೆ ಹೋಗು. ಸೋಮವಾರ ತಾನೇ ಸಹಿ?"

"ಅಪ್ಪ..."

"ನಿಮ್ಮಪ್ಪ ಏನು ಹುಲಿನಾ?"

ಹುಲಿ ಆಗಿದ್ದರೆ ಸುಲಭ ಇತ್ತು.

ಮಾರ್ಚ್ 1, ಶನಿವಾರ, ಸಂಜೆ, ಮನೆ

ಕಾಲೇಜ್ ಕೆಲಸ, ಮೇಲಿನ ತುಂಡಿನಲ್ಲಿ ಗುಂಡಿಗೆ ನೀರು ಹಾಕಬೇಕು ಅಂದೆ. ಹಳ್ಳ ಬತ್ತಿದೆ, ಹತ್ತಿರದಲ್ಲಿ ನೀರಿಲ್ಲ. ಅಪ್ಪ ಮರುಮಾತಿಲ್ಲದೆ ಪಂಪ್‌ಹೌಸ್‌ನಿಂದ ಕ್ಯಾನ್‌ಗಳಲ್ಲಿ ತುಂಬಿಸಿ, ಮೊಪೆಡ್ ಮೇಲೆ ಹಿಂದೆ ಮುಂದೆ ಕಟ್ಟಿಕೊಂಡು ಬಂದರು. ಒಂದೇ ಸಲಕ್ಕೆ ಸಾಲಲಿಲ್ಲ. ಮತ್ತೆ ಹೋದರು.

"ಊರಿಗೆಲ್ಲ ನೀರು ಬಿಟ್ಟೋನು ನಾನು, ಇವತ್ತು ಇಲಿ ಬಿಲಕ್ಕೆ ನೀರು ಹೊತ್ತು ಹಾಕ್ತಿದೀನಿ. ಮಾರ್ಕ್ಸ್ ಎಷ್ಟು ಇದಕ್ಕೆ?"

"ಹತ್ತು."

"ನನಗೂ ಐದು ಕೊಡಿಸು."

ಗುಂಡಿಗಳು ನೀರು ಕುಡಿದವು. ಕುಡಿಯುತ್ತಲೇ ಇದ್ದವು. ಅಪ್ಪ ಬಗ್ಗಿ ನೋಡುತ್ತಾ, ಮೊಣಕೈಯಿಂದ ಬೆವರು ಒರೆಸಿಕೊಂಡು, ಶೆಡ್ ಎಲ್ಲಿ ಬರುತ್ತದೆ, ಬಾಗಿಲು ಯಾವ ಕಡೆ ಅಂತ ಹೆಜ್ಜೆ ಹಾಕಿ ತೋರಿಸಿದರು. ಮೂರು ಗುಂಡಿಗಳು ಶೆಡ್ಡಿನ ಒಳಗೇ ಬರುತ್ತವೆ. ನನಗೆ ಅಲ್ಲೇ ಹೇಳಿಬಿಡಬೇಕು ಅನ್ನಿಸಿತು. ನಾಳೆ ಆಗರ್ ಮತ್ತೆ ನಿಂತುಬಿಟ್ಟರೆ? ಹೇಳುವ ಪ್ರಮೇಯವೇ ಇರುವುದಿಲ್ಲ. ನಿಲ್ಲಲಿ ಅಂತ ಬೇಡಿಕೊಳ್ಳುತ್ತಿದ್ದೇನಾ? ಹೌದು, ಸ್ವಲ್ಪ.

ಇಲ್ಲ — ಕೆಳಗಿನದರ ಉಪ್ಪು ಹೇಗಿದ್ದರೂ ಹೇಳಲೇಬೇಕು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆದುಕೊಳ್ಳುತ್ತದೆ.

ಮಾರ್ಚ್ 2, ಭಾನುವಾರ, ಬೆಳಿಗ್ಗೆ

ಆಗರ್ ಇಳಿಯಿತು.

ಮೊದಲ ಗುಂಡಿಯಲ್ಲಿ ಮೊಣಕಾಲು ಮಟ್ಟ ದಾಟುವಾಗ ಸ್ವಲ್ಪ ಬಿಗಿ, ಆಮೇಲೆ ಬೆಣ್ಣೆಯಲ್ಲಿ ಹೋದಂತೆ. ಹಿಡಿ ನೆಲಕ್ಕೆ ತಾಗುವವರೆಗೂ. ಕೆಂಪು ಜೇಡಿ, ಸಡಿಲ, ಎಲ್ಲೂ ಕಲ್ಲಿಲ್ಲ, ತಳದಲ್ಲಿ ಯಾವುದೋ ಹಳೆಯ ಮರದ ಬೇರಿನ ತುಂಡು ಕೂಡ ಸಿಕ್ಕಿತು. ಎಲ್ಲ ಗುಂಡಿಗಳಲ್ಲೂ ಅದೇ. ಈ ಮಣ್ಣಿನ ಚಿಟಿಕೆಯೂ ಲ್ಯಾಬಿಗೆ ಹೋಗುತ್ತದೆ, ಆದರೆ ಮೇಲ್ಮೈಯಲ್ಲಿ ಬಿಳಿ ಪುಡಿ ಒಂದಿಷ್ಟೂ ಇಲ್ಲ.

ಅಪ್ಪ ಪಕ್ಕದಲ್ಲೇ ನಿಂತಿದ್ದರು. ಅವರು ಪಂಪ್ ಸದ್ದು ಕೇಳಿಯೇ ಏನು ಕೆಟ್ಟಿದೆ ಅಂತ ಹೇಳುವವರು. ನನ್ನ ಮುಖ ನೋಡಿದರು.

"ಅವತ್ತು ನಿಂತಿತ್ತಲ್ಲ."

"ಒಣಗಿತ್ತು, ಅಪ್ಪ. ಬಂಡೆ ಅಲ್ಲ. ನಾನು ನೀರು ಹಾಕಿ ನೋಡಬೇಕಿತ್ತು. ನೋಡಲಿಲ್ಲ."

"ಹಾಗಾದ್ರೆ ನಿಂಬೆ..."

"ಇಲ್ಲೇ ಬರೋದು. ಕೆಳಗೆ ಉಪ್ಪಿದೆ. ಅಲ್ಲಿ ಉಳಿಯಲ್ಲ."

ಅಪ್ಪ ಖಾಲಿ ಕ್ಯಾನಿನ ಮುಚ್ಚಳ ತಿರುಗಿಸಿ ಹಾಕಿದರು. ತೆಗೆದರು. ಮತ್ತೆ ಹಾಕಿದರು.

"ಮಾರ್ಕ್ಸ್‌ಗೆ ಅಂದೆಯಲ್ಲ."

"ಸುಳ್ಳು ಹೇಳಿದೆ."

"ನನ್ನ ಕೈಲೇ ನೀರು ಹೊರಿಸ್ದೆ."

ಆಗರ್ ತುದಿಗೆ ಅಂಟಿದ ಮಣ್ಣು ಕೆರೆದು ತೆಗೆದೆ.

"ನಾಳೆ ಒಂದು ದಿನ ಕಳೀಲಿ" ಅಂದರು, ನನ್ನ ಕಡೆ ನೋಡದೆ. "ಆಮೇಲೆ ನಾವೇ ಕೂತು ಏನಾದ್ರೂ ಮಾಡ್ಕೊಂಡ್ರಾಯ್ತು. ನನ್ನಕ್ಕ ತಾನೇ."

"ಸಹಿ ಆದ್ಮೇಲೆ ಅತ್ತೆ ಬಾಯಿ ಬಿಟ್ಟು ಕೇಳ್ತಾರಾ, ಅಪ್ಪ?"

"ಕೇಳಲ್ಲ" ಅಂದರು. ಕ್ಯಾನ್‌ಗಳನ್ನು ಮೊಪೆಡ್‌ಗೆ ಕಟ್ಟುತ್ತಾ, "ಕಲ್ಲಂಗಡಿಗೂ ಒಂದಿನ ಕೇಳ್ಲಿಲ್ಲ."

ವಾಪಸ್ ಬರುವಾಗ ಮೊಪೆಡ್ ಹಿಂದೆ ಕ್ಯಾನ್‌ಗಳು ಡಬ ಡಬ ಅನ್ನುತ್ತಿದ್ದವು. ಅಮ್ಮ ಇಬ್ಬರ ಮುಖ ನೋಡಿ, "ಏನು, ಹೊಲದಲ್ಲಿ ಹೆಣ ಸಿಕ್ತಾ?" ಅಂದರು. ಅಪ್ಪ ಸ್ನಾನಕ್ಕೆ ಹೋದರು.

ಅದೇ ದಿನ, ಮಧ್ಯಾಹ್ನ, ಬಸ್‌ಸ್ಟ್ಯಾಂಡ್

ಅಪ್ಪ ಬಿಡಲು ಬಂದಿದ್ದರು. ಬಸ್ಸು ಇನ್ನೂ ಬಂದಿಲ್ಲ. ಕಡಲೆಕಾಯಿ ಪೊಟ್ಟಣ ತಂದುಕೊಟ್ಟರು. ಹಾಸ್ಟೆಲಿಗೆ ಬಿಡಲು ಬಂದಾಗಲೆಲ್ಲ ಹೀಗೇ — ಏನಾದರೂ ಕೈಗೆ ಕೊಟ್ಟು ಬೇರೆ ಕಡೆ ನೋಡುವುದು. ಹೊರಡುವಾಗ ಹೇಳಿದರು:

"ಹೇಳೋದಾದ್ರೆ ನೀನೇ ಹೇಳು. ನನ್ನ ಬಾಯಲ್ಲಿ ಬರಲ್ಲ. ನಾಳೆ ಹತ್ತೂವರೆಗೆ ನಾನು ಆಫೀಸ್ ಬಾಗಿಲಲ್ಲಿ ಇರ್ತೀನಿ. ಅಕ್ಕ ಯಾವುದಕ್ಕೆ ಅಂತಾಳೋ ಅದಕ್ಕೆ ಸಹಿ."

"ಶೆಡ್, ಅಪ್ಪ?"

"ಶೆಡ್ ಕ್ಯಾಲೆಂಡರ್ ಮೇಲೆ ಇದೆ. ಅಲ್ಲಿ ಮಳೆ ಬಿದ್ರೂ ಸೋರಲ್ಲ."

ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಅಪ್ಪನೂ ನಗಲಿಲ್ಲ. ಹೋದರು.

ಅತ್ತೆಗೆ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಮೆಷಿನ್ ಸದ್ದಿನಲ್ಲಿ ಕೇಳಿಸಿರಲಿಕ್ಕಿಲ್ಲ, ಭಾನುವಾರವೂ ಹೊಲಿಯುತ್ತಾರೆ. ಮೆಸೇಜ್ ಹಾಕಬೇಕು. ಪಕ್ಕದ ಅಂಗಡಿಯವಳು ಓದಿ ಹೇಳುತ್ತಾಳೆ, ಹಾಗಾಗಿ ಚಿಕ್ಕದಾಗಿ, ಸ್ಪಷ್ಟವಾಗಿ ಇರಬೇಕು. ಮೊದಲು ಇಲ್ಲಿ ಬರೆದು ನೋಡುತ್ತೇನೆ. ನನ್ನ ಕನ್ನಡ ನಂಬುವಂತಿಲ್ಲ.

ಅತ್ತೆ, ನಮಸ್ತೆ. ನಾನು ಅವತ್ತು ಹೇಳಿದ್ದು ತಪ್ಪು. ಮೇಲಿನ ತುಂಡಿನಲ್ಲಿ ಬಂಡೆ ಇಲ್ಲ, ಬೇಸಿಗೆಗೆ ಒಣಗಿ ಗಟ್ಟಿಯಾಗಿತ್ತು ಅಷ್ಟೇ. ನೀರು ಹಾಕಿ ನೋಡಿದ್ವಿ, ಪೂರ್ತಿ ಆಳ ಇದೆ. ಕೆಳಗಿನ ತುಂಡಿನಲ್ಲಿ ಉಪ್ಪಿದೆ, ನಿಂಬೆ ಉಳಿಯಲ್ಲ. ನಿಂಬೆಗೆ ಮೇಲಿನದೇ ಸರಿ. ಇದನ್ನು ಯಾರೂ ಹೇಳಿಸಿದ್ದಲ್ಲ. ಅಪ್ಪನಿಗೂ ಗೊತ್ತು. ನೀರು ಹೊತ್ತಿದ್ದು ಅಪ್ಪನೇ. ಶೆಡ್‌ಗೆ ರಸ್ತೆ ಬದಿ ಜಾಗ ಬೇಕು ಅಂತ ಅವರು ಕೇಳಲ್ಲ, ನೀವೇ ಕೇಳಿ ನೋಡಿ. ನಾಳೆ ಹಳೇ ಕಾಗದಕ್ಕೆ ಸಹಿ ಹಾಕಬೇಡಿ. ಬಸ್ ಬಂತು. ಬೇಗ ಉತ್ತರ ಕೊಡಿ, ಅತ್ತೆ.